ತಕಾದನೊಬಾಬಾದಲ್ಲಿ ಮುಸ್ತಫಾನ ಹುಡುಕಾಟ

ಟೋಕಿಯೋದ ಗೇಮ್ ಸೆಂಟರ್ ಒಂದರ ಕೌಂಟರ್ ಮುಂದೆ ನಿಂತು ಮೂರು ಸಲ "ಮುಸ್ತಫಾ" ಅಂದೆ. ಅಲ್ಲಿದ್ದ ಹುಡುಗ ಮೂರೂ ಸಲ ತಲೆ ಬಾಗಿಸಿ ಕ್ಷಮೆ ಕೇಳಿದ. ಫೋನ್ ತೆಗೆದು ಅನುವಾದದ ಆ್ಯಪ್‌ನಲ್ಲಿ ಟೈಪ್ ಮಾಡಿ ತೋರಿಸಿದೆ. ಅವನು ಇನ್ನೂ ಗಾಬರಿಯಾಗಿ, ಆ ಹೆಸರಿನವರು ಯಾರೂ ಇಲ್ಲಿ ಕೆಲಸ ಮಾಡುವುದಿಲ್ಲ ಅಂತ ವಾಪಸ್ ಟೈಪ್ ಮಾಡಿದ.

ತಪ್ಪು ಅವನದಲ್ಲ ಬಿಡಿ. ಮುಸ್ತಫಾ ಅನ್ನೋ ಗೇಮ್ ಇರೋದು ನಮ್ಮ ಕಡೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಬೆಳೆದವರ ಬಾಯಲ್ಲಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್'. ಅಷ್ಟುದ್ದ ಹೆಸರು ಯಾರಿಗೆ ಬೇಕು? ಆಡೋಕೆ ನಾಲ್ಕು ಜನ ಸಿಗುತ್ತಿದ್ದರು: ಜ್ಯಾಕ್, ಹನ್ನಾ, ಮೆಸ್, ಮತ್ತೆ ಮುಸ್ತಫಾ. ಮೊದಲ ಮೂವರು ಬೇರೆ ದೇಶದವರು. ನಾಲ್ಕನೆಯವನ ಹೆಸರಿನವರು ನಮ್ಮ ಬೀದಿಯಲ್ಲೇ ಇದ್ದರು. ಮೇಲಾಗಿ ಎಲ್ಲರಿಗಿಂತ ಸ್ಪೀಡ್ ಅವನೇ. ದೂರದಿಂದ ಓಡಿಬಂದು ಹಾರಿ ಒದ್ದರೆ ಇಬ್ಬರು ಮೂವರು ಒಟ್ಟಿಗೆ ಬೀಳೋರು. ಆಟಕ್ಕೇ ಅವನ ಹೆಸರು ಬಿತ್ತು.

ಕೊನೆಗೆ ಗೂಗಲ್‌ನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದಾಗ ಹುಡುಗನ ಮುಖ ಅರಳಿತು. "ಆಆ, ಕ್ಯಾಡಿಲಾಕ್ಸು!" ಅಂದ. ಆಮೇಲೆ ಎರಡೂ ಕೈಗಳನ್ನು ಅಡ್ಡ ಇಟ್ಟು ಗುಣಾಕಾರದ ಚಿಹ್ನೆ ಮಾಡಿದ. ಇವತ್ತು ಇಲ್ಲ.

ನಾನು ಅಲ್ಲಿಗೆ ಹೋದದ್ದು ಹೋದ ವರ್ಷ, ಆಫೀಸ್ ಕೆಲಸದ ಮೇಲೆ ಎರಡು ವಾರಕ್ಕೆ. ಶನಿವಾರ ಖಾಲಿ ಇತ್ತು. ಟೀಮಿನವರೆಲ್ಲ ಫೂಜಿ ನೋಡೋಕೆ ಹೊರಟರು. ನಾನು ತಲೆನೋವು ಅಂತ ಸುಳ್ಳು ಹೇಳಿ, ಯಾಮಾನೊತೆ ಲೈನಿನ ಹಸಿರು ಪಟ್ಟಿಯ ರೈಲು ಹತ್ತಿ ತಕಾದನೊಬಾಬಾದಲ್ಲಿ ಇಳಿದೆ. ಬಾಗಿಲು ಮುಚ್ಚುವ ಮುನ್ನ ಅಲ್ಲಿ ಬಾರಿಸುವ ಸಂಗೀತ 'ಆಸ್ಟ್ರೋ ಬಾಯ್' ಕಾರ್ಟೂನಿನದು. ಒಸಾಮು ತೆಜುಕಾ ಅವರ ಕಥೆಯಲ್ಲಿ ಆ ರೋಬೋ ಹುಡುಗ ಹುಟ್ಟಿದ್ದು ಇದೇ ಏರಿಯಾದಲ್ಲಿ, 2003ರ ಏಪ್ರಿಲ್ 7ರಂದು. ಹಳಿಗಳ ಕೆಳಗಿನ ಗೋಡೆಯ ಮೇಲೆ ಅವನ ಚಿತ್ರವೂ ಇದೆ. ಸುತ್ತ ವಿದ್ಯಾರ್ಥಿಗಳ ಗುಂಪು, ಅಗ್ಗದ ರಾಮೆನ್ ಅಂಗಡಿಗಳು. ಕೆಲವೇ ನಿಮಿಷ ನಡೆದರೆ ಮಿಕಾಡೊ.

ಮಿಕಾಡೊ ಅಂದರೆ ಹಳೇ ಆರ್ಕೇಡ್ ಆಟಗಳನ್ನು ಇನ್ನೂ ಜೀವಂತ ಇಟ್ಟಿರುವ ಎರಡು ಮಹಡಿಯ ಜಾಗ. ಒಳಗೆ ಹೆಜ್ಜೆ ಇಟ್ಟ ತಕ್ಷಣ ಮೊದಲು ಸಿಗೋದು ಸದ್ದು. ಹತ್ತಾರು ಮಷಿನ್‌ಗಳು ಒಟ್ಟಿಗೆ ಕೂಗುತ್ತಿರುತ್ತವೆ, ಯಾವುದು ಯಾವುದರದ್ದು ಅಂತ ಗೊತ್ತಾಗಲ್ಲ. ನಮ್ಮಲ್ಲಿ ನಿಂತು ಆಡುತ್ತಿದ್ದೆವು. ಅಲ್ಲಿ ಮಷಿನ್ ಗಿಡ್ಡ, ಮುಂದೆ ಸಣ್ಣ ಸ್ಟೂಲ್. ದಪ್ಪ ಗಾಜಿನ ಹಳೇ ಪಿಕ್ಚರ್ ಟ್ಯೂಬು. ಹತ್ತಿರ ಕೂತರೆ ಕೆನ್ನೆಗೆ ಸಣ್ಣಗೆ ಬಿಸಿ ತಾಗುತ್ತೆ. 100 ಯೆನ್ ನಾಣ್ಯ ಹಾಕಿದೆ. ಒಳಗೆ ಬಿದ್ದ ಠಣ್ ಸದ್ದು ಕೇಳಿದ ಕೂಡಲೇ ನನ್ನ ಬೆನ್ನು ತಾನಾಗೇ ನೆಟ್ಟಗಾಯಿತು. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬರು, ಶನಿವಾರವೂ ಆಫೀಸ್ ಶರ್ಟು, ಒಂದೇ ನಾಣ್ಯದಲ್ಲಿ ಅರ್ಧ ಗಂಟೆಯಿಂದ ವಿಮಾನದ ಆಟ ಆಡುತ್ತಿದ್ದರು. ನಾನು ಅಷ್ಟರಲ್ಲಿ ಏಳು ನಾಣ್ಯ ಕಳೆದುಕೊಂಡಿದ್ದೆ.

ಇಂಥ ಜಾಗಗಳು ಅಲ್ಲೂ ಕಡಿಮೆಯಾಗುತ್ತಿವೆ. ಅಕಿಹಾಬಾರದಲ್ಲಿ ಸೇಗಾದ ದೊಡ್ಡ ಕಟ್ಟಡವೊಂದು 2020ರ ಆಗಸ್ಟ್‌ನಲ್ಲಿ ಮುಚ್ಚಿತು. ಕೋವಿಡ್ ಹೊಡೆತಕ್ಕೆ ಆ ಕಂಪನಿ ತನ್ನ ಗೇಮ್ ಸೆಂಟರ್ ವ್ಯಾಪಾರವನ್ನೇ ಮಾರಿತು. ಈಗ ಅವು 'ಗೀಗೋ' ಹೆಸರಿನಲ್ಲಿ ನಡೆಯುತ್ತಿವೆ, ಗೊಂಬೆ ಎತ್ತುವ ಕ್ರೇನ್ ಮಷಿನ್‌ಗಳೇ ತುಂಬಿವೆ. ಹಳೇ ಆಟಗಳು ಮಾತ್ರ ಇನ್ನೊಂದು ದಾರಿ ಹಿಡಿದು ಮನೆ ಸೇರಿವೆ. ಹ್ಯಾಮ್‌ಸ್ಟರ್ ಅನ್ನೋ ಟೋಕಿಯೋದ ಕಂಪನಿ 2014ರಿಂದ 'ಆರ್ಕೇಡ್ ಆರ್ಕೈವ್ಸ್' ಹೆಸರಲ್ಲಿ ಅವನ್ನು ಒಂದೊಂದಾಗಿ ಪ್ಲೇಸ್ಟೇಷನ್‌ಗೆ, ಆಮೇಲೆ ನಿಂಟೆಂಡೊ ಸ್ವಿಚ್‌ಗೆ ತರುತ್ತಿದೆ. ಈಗಂತೂ ಗುರುವಾರ ಬಂತೆಂದರೆ ಒಂದು ಹಳೇ ಆಟ. ಜಪಾನಿನಲ್ಲಿ ಒಂದಕ್ಕೆ ಸಾಮಾನ್ಯವಾಗಿ 838 ಯೆನ್. ಎಂಟು ಸಲ ಆಡುವ ದುಡ್ಡಿಗೆ ಆಟವೇ ನಿಮ್ಮದು. ನನ್ನ ಏಳು ನಾಣ್ಯದ ಲೆಕ್ಕದಲ್ಲಿ ಬಹಳ ಅಗ್ಗ.

ಮನೆಗೆ ಬರುವ ಆಟ ಮೊದಲು ಹೀಗಿರಲಿಲ್ಲ. ಅಂಗಡಿ ಮಷಿನ್ ದುಬಾರಿ, ಮನೆಯ ಕನ್ಸೋಲು ಬಡವ. ಹಾಗಾಗಿ ಆಟವನ್ನು ಕತ್ತರಿಸಿ ತುರುಕುತ್ತಿದ್ದರು. 1981ರ 'ಡಾಂಕಿ ಕಾಂಗ್'ಗೆ ನಾಲ್ಕು ಹಂತಗಳಿದ್ದವು. 1983ರಲ್ಲಿ ಫ್ಯಾಮಿಕಾಮ್‌ಗೆ ಬಂದಾಗ ಒಂದು ಹಂತವೇ ಮಾಯ. ಆ ಆಟದ ಕೋಡ್ ಯಾರದ್ದು ಅಂತ ನಿಂಟೆಂಡೊಗೂ ಅದನ್ನು ಬರೆದುಕೊಟ್ಟ ಇಕೆಗಾಮಿ ಕಂಪನಿಗೂ ಜಗಳ ಹತ್ತಿ ಕೋರ್ಟಿಗೆ ಹೋಯಿತು. ಅಂಗಡಿಯಲ್ಲಿದ್ದ ಮೂಲ ಆಟ ಇದ್ದ ಹಾಗೇ ಮಾರಾಟಕ್ಕೆ ಬಂದದ್ದು 2018ರಲ್ಲಿ, ಸ್ವಿಚ್ ಮೇಲೆ. ನನಗೆ ಇನ್ನೂ ಹೊಟ್ಟೆ ಉರಿಯೋದು 'ಫೈನಲ್ ಫೈಟ್' ಕಥೆ ಕೇಳಿದರೆ. 1989ರ ಆ ಆಟದಲ್ಲಿ ಇಬ್ಬರು ಸೇರಿ ಬೀದಿ ರೌಡಿಗಳನ್ನು ಹೊಡೆಯಬೇಕು. ಸೂಪರ್ ನಿಂಟೆಂಡೊಗೆ ತಂದಾಗ ಗೈ ಅನ್ನೋ ಪಾತ್ರವನ್ನು ತೆಗೆದರು, ಇಬ್ಬರು ಒಟ್ಟಿಗೆ ಆಡುವುದನ್ನೂ ತೆಗೆದರು. ಅಣ್ಣ ತಮ್ಮ ಇರುವ ಮನೆಗೆ ಅದನ್ನು ತಂದು ಏನು ಮಾಡಬೇಕು ಹೇಳಿ? ಸರದಿಗಾಗಿ ಹೊಡೆದಾಡಬೇಕು ಅಷ್ಟೇ.

ಈಗ ಮಾಡೋದೇ ಬೇರೆ. ಹೊಸದಾಗಿ ಆಟ ಬರೆಯುವುದಿಲ್ಲ. ಹಳೇ ಬೋರ್ಡಿನ ಚಿಪ್‌ಗಳಲ್ಲಿದ್ದ ಪ್ರೋಗ್ರಾಮನ್ನೇ ತೆಗೆದುಕೊಂಡು, ಆ ಬೋರ್ಡಿನ ಹಾಗೆ ನಟಿಸುವ ಸಾಫ್ಟ್‌ವೇರ್ ಒಳಗೆ ಓಡಿಸುತ್ತಾರೆ. ಅದಕ್ಕೆ ಎಮುಲೇಟರ್ ಅಂತಾರೆ. ನಟನೆ ಎಷ್ಟು ನಿಖರ ಇರಬೇಕು ಅನ್ನೋಕೆ 1978ರ 'ಸ್ಪೇಸ್ ಇನ್‌ವೇಡರ್ಸ್' ನೋಡಿ. ಪರದೆ ಮೇಲೆ 55 ಜೀವಿಗಳು. ಪ್ರೋಗ್ರಾಮ್ ಒಂದು ಸಲಕ್ಕೆ ಒಂದೇ ಜೀವಿಯನ್ನು ಸರಿಸುತ್ತೆ. ಎಲ್ಲ ಇದ್ದಾಗ ಒಂದು ಸುತ್ತು ಮುಗಿಯೋಕೆ ಹೊತ್ತು ಬೇಕು. ನೀವು ಸಾಯಿಸುತ್ತಾ ಹೋದ ಹಾಗೆ ಉಳಿದವು ಜೋರಾಗುತ್ತವೆ. ಕೊನೆಯದಂತೂ ಹುಚ್ಚು ಹಿಡಿದ ಹಾಗೆ ಓಡುತ್ತೆ. ಕೈ ಬೆವರಿಸುವ ಆ ವೇಗ ಹುಟ್ಟಿದ್ದು ಅಂದಿನ ಯಂತ್ರದ ಬಡತನದಿಂದ. ಇವತ್ತಿನ ಚಿಪ್‌ಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಆದರೂ ಹಳೇ ನಿಧಾನವನ್ನು ಬೇಕೆಂದೇ ಕಾಯ್ದುಕೊಳ್ಳಬೇಕು, ಇಲ್ಲದಿದ್ದರೆ ಆಟ ಕೆಡುತ್ತೆ. ದಿನಾ ಆಫೀಸಿನಲ್ಲಿ ಕೋಡನ್ನು ಫಾಸ್ಟ್ ಮಾಡು ಅಂತ ಬೈಸಿಕೊಳ್ಳುವ ನನಗೆ ಇದು ಬಹಳ ಇಷ್ಟದ ವಿಷಯ.

ಹಳೇ ಬೋರ್ಡ್‌ಗಳಲ್ಲಿ ಪುಟ್ಟ ಪುಟ್ಟ ಸ್ವಿಚ್‌ಗಳ ಸಾಲೂ ಇರುತ್ತಿತ್ತು. ಒಂದು ಕಾಯಿನ್‌ಗೆ ಎಷ್ಟು ಲೈಫು, ಆಟ ಎಷ್ಟು ಕಷ್ಟ, ಎಲ್ಲಾ ಅಂಗಡಿಯವನೇ ಅದರಲ್ಲಿ ಸೆಟ್ ಮಾಡಬಹುದಿತ್ತು. ಈಗಿನ ಮರುಬಿಡುಗಡೆಗಳಲ್ಲಿ ಆ ಸ್ವಿಚ್‌ಗಳೆಲ್ಲ ಮೆನುವಿನಲ್ಲಿ ನಮ್ಮ ಕೈಗೇ ಬಂದಿವೆ. ಭಾನುವಾರ ಬಂದರೆ ಮಷಿನ್ ಕಷ್ಟ ಆಗುತ್ತೆ ಅಂತ ಚಿಕ್ಕಂದಿನಲ್ಲಿ ನಮಗೊಂದು ಅನುಮಾನ ಇತ್ತು. ಪೂರ್ತಿ ಸುಳ್ಳಿರಲಿಕ್ಕಿಲ್ಲ.

ಸರಿ, ಮುಸ್ತಫಾ ಎಲ್ಲಿ? ಕ್ಯಾಪ್‌ಕಾಮ್ 2018ರಲ್ಲಿ ತನ್ನ ಏಳು ಹೊಡೆದಾಟದ ಆಟಗಳನ್ನು ಒಟ್ಟು ಮಾಡಿ ಬಿಟ್ಟಿತು. 'ಫೈನಲ್ ಫೈಟ್' ಇತ್ತು, 'ಕ್ಯಾಪ್ಟನ್ ಕಮಾಂಡೋ' ಇತ್ತು. ಮುಸ್ತಫಾ ಇಲ್ಲ. ಅದೇ 1993ರಲ್ಲಿ ಬಂದಿದ್ದ 'ದ ಪನಿಷರ್' ಕೂಡ ಇರಲಿಲ್ಲ. ಅದಕ್ಕೆ ಮಾರ್ವೆಲ್ ಒಪ್ಪಬೇಕಿತ್ತು. ಅದೂ 2024ರಲ್ಲಿ ಮಾರ್ವೆಲ್ ಆಟಗಳ ಜೊತೆ ಬಂದೇಬಿಟ್ಟಿತು. ನಮ್ಮದು ಮಾತ್ರ ಇದುವರೆಗೆ ಯಾವ ಕನ್ಸೋಲಿಗೂ ಅಧಿಕೃತವಾಗಿ ಬಂದಿಲ್ಲ. ಕಥೆ ಅಮೆರಿಕದ ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸಿನದು, ಕ್ಯಾಡಿಲಾಕ್ ಅನ್ನೋ ಹೆಸರು ಜನರಲ್ ಮೋಟರ್ಸ್‌ನದು, ಆಟ ಕ್ಯಾಪ್‌ಕಾಮ್‌ನದು. ಇವರೆಲ್ಲ ಒಂದೇ ಕಾಗದಕ್ಕೆ ಸಹಿ ಹಾಕಬೇಕಲ್ಲ, ಅಲ್ಲೇ ಸಿಕ್ಕಿಕೊಂಡಿದೆ ಅಂತ ನನ್ನ ಊಹೆ. ಅತ್ತ ಮೂಲ ಬೋರ್ಡಿನಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತೆ, ನಕಲು ತಡೆಯುವ ಗುಟ್ಟಿನ ಕೀಲಿಯನ್ನು ಕಾಯುವುದು ಅದೇ. ಬ್ಯಾಟರಿ ಸತ್ತರೆ ಬೋರ್ಡು ಕೆಟ್ಟು ಕೂರುತ್ತೆ. ಕೈಚಳಕ ಇರುವ ಯಾರಾದರೂ ರಿಪೇರಿ ಮಾಡಬೇಕು. ಮಜಾ ಏನಂದರೆ ನಮ್ಮೂರಿಗೆ ಬಂದಿದ್ದವು ಬಹುಶಃ ನಕಲು ಬೋರ್ಡ್‌ಗಳೇ. ಆ ನಕಲು ಇರದಿದ್ದರೆ ದಾವಣಗೆರೆಯ ಹುಡುಗನೊಬ್ಬ ತಕಾದನೊಬಾಬಾದಲ್ಲಿ ನಿಂತು ಮುಸ್ತಫಾ ಅಂತ ಕೂಗುವ ಪ್ರಮೇಯವೇ ಬರುತ್ತಿರಲಿಲ್ಲ.

ಆ ಅಂಗಡಿಯ ವಿಷಯ ಹೇಳಿಬಿಡುತ್ತೇನೆ. ಸೈಕಲ್ ಶಾಪ್ ಪಕ್ಕದ ಶೆಡ್ಡು. ಒಂದು ರೂಪಾಯಿಗೆ ಒಂದು ಕಾಯಿನ್. ನಾನು ಎರಡನೇ ಕ್ಲಾಸು, ಅಣ್ಣ ಏಳನೇ ಕ್ಲಾಸು. ಅಣ್ಣ ಯಾವಾಗಲೂ ಮುಸ್ತಫಾ. ನನಗೆ ಮೆಸ್, ಯಾಕಂದರೆ ಅವನು ಬೇಗ ಸಾಯಲ್ಲ. ಡ್ರಮ್ ಒಡೆದಾಗ ಊಟ ಸಿಕ್ಕರೆ, ಯಾರಿಗೆ ಲೈಫ್ ಕಡಿಮೆ ಇದೆಯೋ ಅವರು ತಿನ್ನಬೇಕು ಅಂತ ಅಣ್ಣನ ರೂಲು. ಕಾರು ಓಡಿಸುವ ಮೂರನೇ ಹಂತ ಬಂದರೆ ಹಿಂದೆ ನಿಂತ ಹುಡುಗರೆಲ್ಲ ಹೋ ಅನ್ನೋರು. ಒಂದು ದಿನ ಅಪ್ಪನ ಶರ್ಟಿನ ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದೆ. ತೆಗೆದವನು ನಾನು, ಅಣ್ಣನಿಗೆ ಅಜ್ಜಿ ಕೊಟ್ಟಿದ್ದು ಅಂತ ಹೇಳಿದೆ. ಹತ್ತೂ ಕಾಯಿನ್ ಮುಗಿಸಿ ಬಂದೆವು. ಅಪ್ಪ ಬಾಗಿಲಲ್ಲೇ ಇದ್ದರು. ಅಣ್ಣ ದೊಡ್ಡವನು, ಅವನದೇ ಕೆಲಸ ಅಂದುಕೊಂಡರು. ಬೆಲ್ಟ್ ತೆಗೆದರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮುಂದಿನ ಜೂನ್‌ಗೆ ಅಣ್ಣನನ್ನು ಹಾಸ್ಟೆಲ್ಲಿಗೆ ಹಾಕಿದರು. ಆಮೇಲೆ ರಜೆಗೆ ಬಂದಾಗಲೂ ನಾವಿಬ್ಬರು ಆ ಶೆಡ್ಡಿಗೆ ಹೋಗಲಿಲ್ಲ. ಈಗ ಅವನು ಪಂಪ್‌ಸೆಟ್ ಅಂಗಡಿ ನೋಡಿಕೊಳ್ಳುತ್ತಾನೆ. ತಿಂಗಳಿಗೊಮ್ಮೆ ಮಾತು: ಆರಾಮಾ, ಊಟ ಆಯ್ತಾ, ಅಮ್ಮನ ಬಿಪಿ ಮಾತ್ರೆ ತಂದಿದೀಯಾ.

ಮಿಕಾಡೊದಿಂದ ಹೊರಬಂದವನೇ ಅಕಿಹಾಬಾರಕ್ಕೆ ಹೋಗಿ ಒಂದು ಸ್ವಿಚ್ ತಗೊಂಡೆ. ರಾತ್ರಿ ಹೋಟೆಲ್ ರೂಮಿನಲ್ಲಿ, ಮಂಚ ಬಿಟ್ಟರೆ ಕಾಲಿಡಲು ಜಾಗವಿಲ್ಲ, 'ಫೈನಲ್ ಫೈಟ್' ಹಾಕಿದೆ. ಚಿತ್ರ ಸರಿ, ಸಂಗೀತ ಸರಿ. ಸತ್ತೆ, ಒಂದು ಬಟನ್ ಒತ್ತಿದೆ, ಕ್ರೆಡಿಟ್ ಬಂತು. ಮತ್ತೆ ಸತ್ತೆ, ಮತ್ತೆ ಒತ್ತಿದೆ. ಸಂಜೆ ಏಳು ನಾಣ್ಯ ಸೋತಾಗ ನೆಟ್ಟಗೆ ಕೂತಿದ್ದವನು ಈಗ ದಿಂಬಿಗೆ ಒರಗಿ, ಒಂದು ಕೈಯಲ್ಲಿ ಒನಿಗಿರಿ ತಿನ್ನುತ್ತಾ ಆಟ ಮುಗಿಸಿದೆ. ಕೊನೆಯ ರೌಡಿಯನ್ನು ಹೇಗೆ ಹೊಡೆದೆ ಅಂತ ಬೆಳಿಗ್ಗೆ ನೆನಪಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅದನ್ನು ಹಾಲ್‌ನ ಟಿವಿಗೆ ಹಚ್ಚಿದೆ. ಅಣ್ಣ ಅಂಗಡಿಯಿಂದ ಬಂದವನು ಕೈ ಕಾಲು ತೊಳೆದು ಬಂದು ನಿಂತ.

"ಮುಸ್ತಫಾ ಏನಲೇ?"

"ಅಲ್ಲ. ಅದು ಬಂದಿಲ್ಲ. ಅದೇ ಕಂಪನಿದು ಇದು, ಅದಕ್ಕಿಂತ ಹಳೇದು."

"ಮತ್ತೆ ಇದಕ್ಯಾಕ್ ಅಷ್ಟ್ ದುಡ್ಡು ಹಾಕ್ದೆ?" ಅಂದವನೇ ಪಕ್ಕದಲ್ಲಿ ಕೂತ. ಎರಡನೇ ಕಂಟ್ರೋಲರ್ ಕೊಟ್ಟೆ. ಅವನ ದಪ್ಪ ಬೆರಳಿಗೆ ಅದು ಆಟಿಕೆ ಥರ ಕಂಡಿತು. ಎರಡೇ ನಿಮಿಷಕ್ಕೆ ಸತ್ತ. ಬಟನ್ ಒತ್ತಿದರೆ ಕ್ರೆಡಿಟ್ ಬರುತ್ತೆ, ಎಷ್ಟು ಬೇಕಾದರೂ ಅಂದೆ. ನನ್ನ ಮುಖ ನೋಡಿದ.

"ಎಷ್ಟ್ ಬೇಕಾದ್ರೂ ಅಂದ್ರೆ? ಆಟ ಏನ್ ಬಂತು ಅದ್ರಾಗೆ?"

ಎದ್ದು ಒಳಗೆ ಹೋಗಿ, ಅಂಗಡಿಯ ಚಿಲ್ಲರೆ ಡಬ್ಬಿ ತಂದು, ಟೀಪಾಯಿ ಮೇಲೆ ಒಂದು ರೂಪಾಯಿಯ ನಾಣ್ಯಗಳನ್ನು ಸಾಲಾಗಿ ಇಟ್ಟ. ಎಣಿಸಿದೆ. ಹತ್ತು.

"ಇಬ್ಬರಿಗೂ ಸೇರಿ ಇಷ್ಟೇ. ಸತ್ತಾಗೆಲ್ಲ ಒಂದು ಡಬ್ಬಿಗೆ ಹಾಕ್ಬೇಕು. ಮುಗೀತೋ, ಟಿವಿ ಬಂದ್."

ಮೊದಲಿಂದ ಶುರು ಮಾಡಿದೆವು. ನಾನು ಹ್ಯಾಗರ್, ಅವನು ಗೈ. ನಾನು ಮತ್ತೆ ನೆಟ್ಟಗೆ ಕೂತಿದ್ದೆ. ನಾಲ್ಕು ನಾಣ್ಯ ಹೋಯಿತು. ಡ್ರಮ್ ಒಡೆದಾಗ ಮಾಂಸದ ತುಂಡು ಬಿತ್ತು. ಅವನ ಲೈಫು ನನಗಿಂತ ಕಡಿಮೆ ಇದ್ದರೂ "ತಿನ್ನಲೇ, ತಿನ್ನಲೇ" ಅಂತ ನನಗೇ ಬಿಟ್ಟ. ಅಮ್ಮ ಒಳಗಿಂದ ಊಟಕ್ಕೆ ಕರೆದರು. ಇಬ್ಬರೂ ಬಂದ್ವಿ ಅಂದೆವು, ಏಳಲಿಲ್ಲ.

"ಅಣ್ಣಾ, ಅವತ್ತು ಅಪ್ಪನ ಜೇಬಿಂದ ದುಡ್ಡು ತೆಗ್ದಿದ್ದು..."

"ಮುಂದ್ ನೋಡ್ಲೇ, ಚಾಕು ಹಿಡ್ಕೊಂಡ್ ಬಂದ ಅವ್ನು!"

ನೋಡುವಷ್ಟರಲ್ಲಿ ಹ್ಯಾಗರ್ ನೆಲಕ್ಕೆ ಬಿದ್ದಿದ್ದ. ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ, ಐದನೇ ನಾಣ್ಯವನ್ನು ನನ್ನ ಕಡೆ ತಳ್ಳಿದ.