ಅಪ್ಪನ ಮಾತು ಅರ್ಧಕ್ಕೆ ನಿಂತಿತು

ಜೀ ಕನ್ನಡದ ‘ಸರಿಗಮಪ’ದಲ್ಲಿ ನಿರೂಪಕಿ ಅನುಶ್ರೀ ಅವರನ್ನು ನೀವೂ ನೋಡಿರುತ್ತೀರಿ. ಟಿವಿಯಲ್ಲಿ ಅಷ್ಟು ಹೆಸರಿದ್ದರೂ ಅವರು ಸ್ವಂತ ಯೂಟ್ಯೂಬ್ ಚಾನೆಲ್ ಮಾಡಿದರು. ಅಲ್ಲಿ ಅತಿಥಿಯ ಜೊತೆ ಕೂತು ನಿಧಾನಕ್ಕೆ ಮಾತಾಡಿಸುತ್ತಾರೆ.

ಅದನ್ನು ನೋಡಿ ನಾನೂ ಪಾಡ್‌ಕಾಸ್ಟ್ ಮಾಡಲು ಹೊರಟೆ. ಚಿಕ್ಕಜಾಜೂರಿನ ನಮ್ಮ ಜಗಲಿಯಲ್ಲಿ ಅಪ್ಪನನ್ನು ಕೂರಿಸಿ ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ನಮ್ಮದು ಜಂಕ್ಷನ್ ಊರು. ರೈಲು ಕೂಗಿದಾಗಲೆಲ್ಲ ಮಾತು ನಿಲ್ಲಿಸಬೇಕಾಯಿತು.

ರಾತ್ರಿ ಕೇಳಿಸಿಕೊಂಡೆ. “ಬೋರು ಬತ್ತಿ ಅಡಿಕೆ ಮರ ಕಡಿಸಿದ್ವಲ್ಲ, ಅವತ್ತು ರಾತ್ರಿ ನಾನು...” ಅಂತ ಅಪ್ಪ ಶುರು ಮಾಡಿದ್ದ. ಅಷ್ಟರಲ್ಲೇ ನಾನು ಬಾಯಿ ಹಾಕಿ, ಮುಂದಿನ ಪ್ರಶ್ನೆ ಕೇಳಿದ್ದೆ.

ಬೆಳಿಗ್ಗೆ ಮತ್ತೆ ಕೇಳಿದೆ. “ಬಿಡು ಮಗ, ಈಗ್ಯಾಕೆ?” ಅಂದ.

ಮೈಕು ಇನ್ನೂ ಕೊಂಡಿಲ್ಲ. ಈಗ ರೈಲು ದಾಟಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.