ಮಹಾಲಕ್ಷ್ಮಿಯ ಮಡಿಕಟ್ಟೆ

ಮುಂಬಯಿಗೆ ಹೋದ ನಮ್ಮ ಭಕ್ತಾದಿಗಳು ಮಹಾಲಕ್ಷ್ಮಿಯ ದೇವಾಲಯವನ್ನು ತಪ್ಪದೆ ನೋಡಿ ಬರುತ್ತಾರೆ. ಅದೇ ಹೆಸರಿನ ರೈಲು ನಿಲ್ದಾಣದ ಮಗ್ಗುಲಲ್ಲಿರುವ ಮಡಿಕಟ್ಟೆಯನ್ನು ನೋಡಿ ಬಂದವರು ವಿರಳ. ಕಳೆದ ಮಾಘಮಾಸದಲ್ಲಿ ಪ್ರವಚನದ ನಿಮಿತ್ತ ಆ ನಗರಕ್ಕೆ ಹೋಗಿದ್ದಾಗ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆನು. ನಿಲ್ದಾಣದ ಹೊರಗಿನ ಮೇಲ್ಸೇತುವೆಯ ಮೇಲೆ ನಿಂತರೆ ‘ಧೋಬಿ ಘಾಟ್’ ಎಂದು ಪ್ರಸಿದ್ಧವಾದ ಆ ಕಟ್ಟೆ ಕಣ್ಣೆದುರಿಗೆ ಹರಡಿಕೊಳ್ಳುತ್ತದೆ.

1890ರ ಸುಮಾರಿಗೆ ನಿರ್ಮಾಣವಾದ ಈ ತಾಣದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಇರುವುದು ಸಿಮೆಂಟಿನ ತೊಟ್ಟಿಗಳ ಸಾಲು, ತೊಟ್ಟಿಗೊಂದು ಒಗೆಯುವ ಕಲ್ಲು. ಹೋಟೆಲುಗಳ ಹಾಸಿಗೆಯ ಹೊದಿಕೆಗಳು, ಆಸ್ಪತ್ರೆಯ ಬಟ್ಟೆಗಳು, ಅಂಗಡಿಗೆ ಹೋಗಬೇಕಾದ ಹೊಸ ಉಡುಪುಗಳು, ಎಲ್ಲವೂ ಇಲ್ಲಿಗೆ ಬರುತ್ತವೆ. ಸಾಬೂನಿನ ನೀರಿನಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಕಾಸ್ಟಿಕ್ ಸೋಡಾ ಬೆರೆಸಿದ ಭಟ್ಟಿಯಲ್ಲಿ ಕುದಿಸಿ ಒಣಹಾಕುತ್ತಾರೆ. 2011ರಲ್ಲಿ ಏಕಕಾಲಕ್ಕೆ 496 ಜನರು ಇಲ್ಲಿ ಕೈಯಿಂದ ಬಟ್ಟೆ ಒಗೆದು ಗಿನ್ನೆಸ್ ದಾಖಲೆಯಲ್ಲಿ ಸೇರಿದರಂತೆ. ದಾಖಲೆಯಿಂದ ಅವರ ಕೂಲಿ ಹೆಚ್ಚಿತೇ ಎಂಬುದು ಬೇರೆಯ ಮಾತು.

ಆ ಭಟ್ಟಿಯ ಹಬೆಯನ್ನು ಕಂಡಾಗ ಮಲಪ್ರಭೆಯ ದಡದ ನಮ್ಮೂರಿನ ಉಬ್ಬೆ ನೆನಪಾಯಿತು. ಈಗಿನ ಮಕ್ಕಳಿಗೆ ಈ ಪದವೇ ತಿಳಿಯದು. ಅಗಸರು ಸವಳು ಮಣ್ಣನ್ನು ನೀರಿನಲ್ಲಿ ಕಲಸಿ ಬಟ್ಟೆಗಳನ್ನು ಅದರಲ್ಲಿ ಅದ್ದಿ, ನೀರು ತುಂಬಿದ ದೊಡ್ಡ ಹರವಿಯ ಮೇಲೆ ಗೋಪುರದಂತೆ ಒಟ್ಟಿ, ಕೆಳಗೆ ಬೆಂಕಿಯಿಟ್ಟು ಇರುಳೆಲ್ಲ ಹಬೆಯಲ್ಲಿ ಬೇಯಿಸುತ್ತಿದ್ದರು. ಸವಳಿನಲ್ಲಿರುವ ಕ್ಷಾರವು ಜಿಡ್ಡನ್ನು ಸಡಿಲಿಸುತ್ತದೆ. ಬೆಳಗ್ಗೆ ಹೊಳೆಯಲ್ಲಿ ಸೆಳೆದು ಬಿಸಿಲಿಗೆ ಹರವಿದರೆ ಧೋತರಗಳು ಬೆಳ್ಳಗೆ ಹೊಳೆಯುತ್ತಿದ್ದವು. ಕಾಸ್ಟಿಕ್ ಸೋಡಾ ಮಾಡುವುದೂ ಇದೇ ಕೆಲಸವನ್ನೇ. ಗುರುತಿಗಾಗಿ ಅವರು ಕರಿಗೇರಿನ ರಸದಿಂದ ಬಟ್ಟೆಯ ಅಂಚಿಗೆ ಚುಕ್ಕೆಗಳನ್ನಿಡುತ್ತಿದ್ದರು. ಅಕ್ಷರ ಬಾರದವರೆಂದು ನಾವು ತಿಳಿದಿದ್ದ ಆ ಜನ ನೂರು ಮನೆಗಳ ಗುರುತನ್ನು ತಪ್ಪದೆ ಓದುತ್ತಿದ್ದರು! ಮಹಾಲಕ್ಷ್ಮಿಯಲ್ಲಿಯೂ ಅಳಿಸಲಾಗದ ಮಸಿಯ ಗುರುತುಗಳೇ ರಾಶಿ ರಾಶಿ ಬಟ್ಟೆಯನ್ನು ಒಡೆಯರಿಗೆ ತಲುಪಿಸುತ್ತವೆ.

ಇದಕ್ಕೆಲ್ಲ ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಸಿಗುತ್ತಿತ್ತು. ಆದರೆ ಕಾಳು ಕೊಟ್ಟ ಮನೆಯ ಹೊಸ್ತಿಲನ್ನು ಅಗಸರು ದಾಟುವಂತಿರಲಿಲ್ಲ. ನಮ್ಮ ಮೈಲಿಗೆಯನ್ನು ಕಳೆದವರನ್ನೇ ಮೈಲಿಗೆಯವರೆಂದು ಹೊರಗೆ ನಿಲ್ಲಿಸಿದ್ದು, ಸೂತಕಗಳನ್ನು ಅಲ್ಲಗಳೆದ ಶರಣರ ಹೆಸರು ಹೇಳುವ ನಮ್ಮ ಮನೆಗಳಲ್ಲಿಯೂ ನಡೆದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಹಿಪ್ಪರಗಿಯ ಮಡಿವಾಳ ಮಾಚಿದೇವರ ಕಥೆಯನ್ನು ಪುರಾಣಗಳು ತಿರುಗಿಸಿ ಹೇಳುತ್ತವೆ. ಅವರು ಕಲ್ಯಾಣದ ಬೀದಿಯಲ್ಲಿ ಶರಣರ ಬಟ್ಟೆಯ ಗಂಟನ್ನು ಹೊತ್ತು ಘಂಟೆಯ ಸದ್ದು ಮಾಡುತ್ತ ನಡೆಯುತ್ತಿದ್ದರಂತೆ. ಗಂಟನ್ನು ಭವಿಗಳು ಮುಟ್ಟದಿರಲೆಂದು. ದೂರ ಸರಿಯಬೇಕಾದವರು ನೋಡುವವರೇ ಹೊರತು ಮಡಿವಾಳರಲ್ಲ. ಅವರು ಎಲ್ಲರ ಬಟ್ಟೆಯನ್ನೂ ಒಗೆಯುತ್ತಿರಲಿಲ್ಲವೆಂಬುದೂ ಗಮನಿಸತಕ್ಕ ಸಂಗತಿ.

ಮಹಾಲಕ್ಷ್ಮಿಯಲ್ಲಿ ಈಗ ಕಲ್ಲಿನ ಬಡಿತದ ನಡುವೆ ಯಂತ್ರಗಳ ಗುಡುಗೂ ಕೇಳುತ್ತದೆ. ದೊಡ್ಡ ಒಗೆಯುವ ಯಂತ್ರಗಳು, ಒಣಗಿಸುವ ಯಂತ್ರಗಳು ಬಂದಿವೆ. ಮುಂಬಯಿಯ ಮಳೆಗಾಲದಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುವುದೆಂತು? ನಾನು ಉಳಿದುಕೊಂಡಿದ್ದ ಮನೆಯ ತಾಯಿ, “ಗುರುಗಳೇ, ಮಷಿನ್ ಬಂದ ಮೇಲೆ ನನ್ನ ಸೊಂಟ ಉಳೀತು” ಎಂದರು. ಅದನ್ನು ಆಲಸ್ಯವೆಂದು ಹಳಿಯುವ ಗಂಡಸರು ಒಂದು ವಾರ ಕಂಬಳಿ, ಜಮಖಾನೆಗಳನ್ನು ಹಿಂಡಿ ನೋಡಲಿ. ಆದರೂ ಆ ಮನೆಯ ಬಾಲ್ಕನಿಯಲ್ಲಿ ರಾಟೆಯ ಹಗ್ಗವಿದೆ. ಬಿಸಿಲಿನ ವಾಸನೆಯನ್ನು ಯಾವ ಯಂತ್ರವೂ ಕೊಡದೆಂದು ಆ ತಾಯಿಯೇ ಹೇಳಿದರು.

ಕಟ್ಟೆಯೊಳಗೆ ಇಳಿದಾಗ ನನ್ನ ಕಣ್ಣನ್ನು ಹಿಡಿದದ್ದು ಹಗ್ಗಗಳೇ. ಎರಡು ಎಳೆಗಳನ್ನು ಹೊಸೆದು ಬಿಗಿದಿರುತ್ತಾರೆ; ಬಟ್ಟೆಯ ತುದಿಯನ್ನು ಹೊಸೆತದ ನಡುವೆ ಸಿಕ್ಕಿಸಿದರೆ ಸಮುದ್ರದ ಗಾಳಿಗೂ ಹಾರದು, ಕ್ಲಿಪ್ಪು ಬೇಕಿಲ್ಲ.

ಅಲ್ಲಿ ಬಿಳಿಯ ಹೊದಿಕೆಗಳನ್ನು ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ನನಗೆ ಬರುವ ಹಿಂದಿಯಲ್ಲಿ ಮಾತನಾಡಿಸಿದೆನು. ತಂದೆಯ ಕಾಲದಿಂದಲೂ ಅದೇ ಕಲ್ಲಂತೆ. ಮಕ್ಕಳೂ ಇಲ್ಲಿಯೇ ಇರುವರೇ ಎಂದು ಕೇಳಿದೆನು. “ಇಲ್ಲ ಮಹಾರಾಜ್, ಮಗ ಕಂಪ್ಯೂಟರ್ ಕಚೇರಿಯಲ್ಲಿದ್ದಾನೆ” ಎಂದು ಹೆಮ್ಮೆಯಿಂದ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ ಏನು ಮಾಡುತ್ತಾರೆಂದು ಅಲ್ಲಿ ಯಾರಾದರೂ ಕೇಳಿದರೆ ಲಾಂಡ್ರಿ ವ್ಯಾಪಾರ ಎನ್ನುತ್ತಾನೆ” ಎಂದರು. ಹೊದಿಕೆಯ ಇನ್ನೊಂದು ಅಂಚನ್ನು ನನ್ನ ಕೈಗಿತ್ತರು. ಇಬ್ಬರೂ ಸೇರಿ ಅದನ್ನು ಮಡಿಸಿದೆವು.