ಹಗೇವಿನ ಜೋಳ, ಮುದುಕರ ಮನೆ

ಚೌಕಾಬಾರ ಆಡಿ ಬೆಳೆದ ಹೆಂಗಸರಿಗೆ ಒಂದು ನಿಯಮ ನೆನಪಿರಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದ ಹೊರತು ನಮ್ಮ ಕಾಯಿ ಒಳಮನೆಗಳಿಗೆ ಹೋಗುವಂತಿಲ್ಲ. ಒಳಗೆ ಹೋಗದಿದ್ದರೆ ಹಣ್ಣಾಗುವಂತಿಲ್ಲ. ಸಿಂದಗಿ ತಾಲೂಕಿನ ನನ್ನ ತವರೂರಲ್ಲಿ ಗುಡಿಯ ಕಟ್ಟೆಯ ಕಲ್ಲಿನ ಮೇಲೆಯೇ ಈ ಮನೆಗಳನ್ನು ಕೊರೆದಿದ್ದರು. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿದ ಹೆಂಗಸರು ಅಲ್ಲಿ ಹುಣಸೆಬೀಜ ಹಿಡಿದು ಕೂತರೆಂದರೆ ಎಮ್ಮೆ ಮನೆಗೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಇರುವೆಗೂ ಸಕ್ಕರೆ ಹಾಕುವ ನಮ್ಮ ಅಜ್ಜಿ ಕೂಡ "ಕಡಿ, ಕಡಿ ಅದನ್ನ" ಎಂದು ಕೂಗುತ್ತಿದ್ದಳು. ಕಡಿಯುತ್ತಿದ್ದುದು ಬಳೆಚೂರನ್ನು ತಾನೇ? ಬಳೆಚೂರಿಗೆ ಹೆಸರಿಲ್ಲ, ಹೊಟ್ಟೆಯೂ ಇಲ್ಲ. ಯಾರ ಮನಸ್ಸಿಗೂ ಏನೂ ಅನ್ನಿಸುತ್ತಿರಲಿಲ್ಲ.

ಕಾಯಿಗೆ ಹೆಸರು, ಹೊಟ್ಟೆ ಎರಡನ್ನೂ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಂಡದ್ದು ಕಳೆದ ದಸರೆಯ ರಜೆಯಲ್ಲಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಮ್ಮನ ಮಗ ಇಂಡಿಯ ನಮ್ಮ ಮನೆಗೆ ನಾಲ್ಕು ದಿನಕ್ಕೆಂದು ಬಂದಿದ್ದ. ವಿಡಿಯೋ ಗೇಮ್ ಎಂದರೆ ಕಾರು ಓಡಿಸುವುದು, ಗುಂಡು ಹಾರಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಅವನು ಆಡುತ್ತಿದ್ದ ಆಟದಲ್ಲೂ ಯುದ್ಧವಿತ್ತು. ಆದರೆ ಆಡುವವನು ಸೈನಿಕನಲ್ಲ. ಶತ್ರುಗಳು ಮುತ್ತಿಗೆ ಹಾಕಿದ ಊರಿನಲ್ಲಿ, ಮುರಿದ ಮನೆಯೊಂದರಲ್ಲಿ ಮೂರ್ನಾಲ್ಕು ಸಾಮಾನ್ಯ ಜನ ಸೇರಿಕೊಂಡಿದ್ದಾರೆ. ಹಗಲು ಹೊರಬಿದ್ದರೆ ಗುಂಡು ತಪ್ಪಿದ್ದಲ್ಲ. ರಾತ್ರಿ ಒಬ್ಬರು ಹೋಗಿ ಊಟ, ಔಷಧ, ಕಟ್ಟಿಗೆ ಹುಡುಕಿ ತರಬೇಕು. ಅವರನ್ನೆಲ್ಲ ಬದುಕಿಸಿಡುವುದೇ ಆಟ. ಹೆಸರು 'ದಿಸ್ ವಾರ್ ಆಫ್ ಮೈನ್'.

ಆ ರಾತ್ರಿ ಅವನ ಮನೆಯಲ್ಲೊಬ್ಬನಿಗೆ ಕಾಯಿಲೆ ಜೋರಾಗಿತ್ತು. ಹುಡುಕಲು ಹೋದವನಿಗೆ ಸಿಕ್ಕಿದ್ದು ವಯಸ್ಸಾದ ಗಂಡಹೆಂಡತಿ ಇಬ್ಬರೇ ಇರುವ ಮನೆ. ಅಲ್ಲಿ ಊಟವಿದೆ, ಔಷಧವೂ ಇದೆ. ಮುದುಕನ ಕೈಯಲ್ಲಿ ಆಯುಧವಿಲ್ಲ. ಅವನು ಹಿಂದೆ ಹಿಂದೆಯೇ ನಡೆದು ಬಂದು, ಒಯ್ಯಬೇಡಿರೆಂದು ಬೇಡಿಕೊಳ್ಳುತ್ತಾನೆ.

"ತಗೊಂಡ್ರ ತಗೋಬಹುದು ಅತ್ತಿ. ತಡಿಯವರು ಯಾರೂ ಇಲ್ಲ" ಎಂದ ಹುಡುಗ.

"ತಗೊಂಡ್ರ ನಿನ್ನ ಮಾರ್ಕ್ಸ್ ಕಡಿಮಿ ಆಗ್ತಾವೇನು?"

"ಇದ್ರಾಗ ಮಾರ್ಕ್ಸ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ತೆಗೆದುಕೊಂಡ. ಮರುದಿನ ಔಷಧ ಕುಡಿದವನು ಸುಧಾರಿಸಿದ. ಕದ್ದು ತಂದವನು ಮಾತ್ರ ತಲೆ ತಗ್ಗಿಸಿ ನಡೆಯತೊಡಗಿದ. ಮನೆಯ ಉಳಿದವರ ಮುಖವೂ ಬಾಡಿತು. ಬಯ್ಯುವವರಿಲ್ಲ, ಶಿಕ್ಷೆಯಿಲ್ಲ, ಹೀಗೆ ಮಾಡಬೇಕಿತ್ತು ಎಂದು ಹೇಳುವ ಪಾಟೀ ಹಲಗೆಯೂ ಇಲ್ಲ. ನಮ್ಮ ಹುಡುಗ ಕಂಪ್ಯೂಟರ್ ಮುಚ್ಚಿಟ್ಟು ಊಟಕ್ಕೆ ಬಂದ. ಜೋಳದ ರೊಟ್ಟಿ, ಎಣ್ಣೆಗಾಯಿ ಎಂದರೆ ಪ್ರಾಣ ಬಿಡುವವನು ಅಂದು ಒಂದೇ ರೊಟ್ಟಿಗೆ ಎದ್ದ.

ಇದನ್ನು ಮಾಡಿದವರು ಪೋಲೆಂಡ್ ದೇಶದ 11 ಬಿಟ್ ಸ್ಟುಡಿಯೋಸ್‌ನವರು, 2014ರಲ್ಲಿ. 1992ರಿಂದ 1996ರವರೆಗೆ ಬೋಸ್ನಿಯಾದ ಸರಾಯೆವೋ ನಗರ ಮುತ್ತಿಗೆಗೆ ಸಿಕ್ಕು ನರಳಿದ್ದೇ ಅವರಿಗೆ ಪ್ರೇರಣೆ. ಆ ದೇಶದ ಸರ್ಕಾರ 2020ರಲ್ಲಿ ಈ ಆಟವನ್ನು 18 ದಾಟಿದ ಶಾಲಾ ವಿದ್ಯಾರ್ಥಿಗಳ ಓದಿನ ಪಟ್ಟಿಗೇ ಸೇರಿಸುವುದಾಗಿ ಸಾರಿತು. ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಆಡುವ ಆಟ! ಮಾಸ್ತರಿಕೆಯಲ್ಲಿ ಕೂದಲು ಬೆಳ್ಳಗಾದ ನನಗೆ ಇದನ್ನು ಕೇಳಿ ಮೊದಲು ನಗು ಬಂತು. ಆ ಒಂದೇ ರೊಟ್ಟಿಯ ಊಟ ನೋಡಿರದಿದ್ದರೆ ನಗುತ್ತಲೇ ಇರುತ್ತಿದ್ದೆ.

ನೀತಿಯನ್ನು ಲೆಕ್ಕ ಹಿಡಿಯುವ ಆಟಗಳೂ ಇವೆಯಂತೆ. 1985ರಲ್ಲಿ ಅಮೆರಿಕದ ರಿಚರ್ಡ್ ಗ್ಯಾರಿಯಟ್ ಮಾಡಿದ 'ಅಲ್ಟಿಮಾ 4' ಎಂಬುದರಲ್ಲಿ ಮೂಲಿಕೆ ಮಾರುವವರು ಕುರುಡರು. ಎಷ್ಟು ಹಣ ಇಟ್ಟೆವೆಂದು ಅವರಿಗೆ ಕಾಣದು, ಆದರೆ ಆಟಕ್ಕೆ ಕಾಣುತ್ತದೆ. ಮೋಸ ಮಾಡಿದರೆ ಪ್ರಾಮಾಣಿಕತೆಯ ಅಂಕ ಇಳಿಯುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಈ ಗುಟ್ಟು ತಿಳಿದ ಮೇಲೆ ಆಡುವವನು ಹಣ ಇಡುವುದು ಕುರುಡಿಗಾಗಿಯೋ, ಅಂಕಕ್ಕಾಗಿಯೋ? ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಗೋಡೆಗೆ ಹೊಸ ಚಾರ್ಟು ತೂಗುಹಾಕುವ ಶಾಲೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನನಗೆ ಹೆಚ್ಚು ಹಿಡಿಸಿದ್ದು 2013ರ 'ಪೇಪರ್ಸ್, ಪ್ಲೀಸ್'. ಮಾಡಿದವನು ಲ್ಯೂಕಾಸ್ ಪೋಪ್. ಗಡಿಯ ಕಟ್ಟೆಯಲ್ಲಿ ಕೂತು ಕಾಗದಪತ್ರ ನೋಡಿ ಜನರನ್ನು ಒಳಗೆ ಬಿಡುವ ಗುಮಾಸ್ತನ ಆಟ ಅದು. ಗಂಡನ ಕಾಗದ ಸರಿಯಿದೆ, ಅವನು ದಾಟುತ್ತಾನೆ. ಹಿಂದೆ ಬಂದ ಹೆಂಡತಿಯ ಬಳಿ ಒಂದು ಪರವಾನಗಿ ಇಲ್ಲ. ಬಿಟ್ಟರೆ ತಪ್ಪೆಂದು ಚೀಟಿ ಬರುತ್ತದೆ. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ಸಂಬಳದಲ್ಲಿ ಕಡಿತ. ಗುಮಾಸ್ತನ ಮನೆಯಲ್ಲೂ ಹೆಂಡತಿ ಮಕ್ಕಳು, ಬಾಡಿಗೆ, ಔಷಧದ ಖರ್ಚು. ತಹಸೀಲ ಕಚೇರಿಯ ಕಿಟಕಿಯ ಮುಂದೆ ಒಂದು ಕಾಗದ ಕಡಿಮೆಯಾಗಿ ನಿಂತವರಿಗೆ ಈ ಆಟ ಅರ್ಥವಾಗಲು ಇಂಗ್ಲಿಷು ಬೇಕಿಲ್ಲ.

ಇಂಥ ಪೇಚು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯ ಮುದುಕಿಯರನ್ನು ಮಾತಿಗೆಳೆದರೂ ಬರದ ಕಥೆ ಬಂದೇ ಬರುತ್ತದೆ. 1972ರ ಬರದ ಕಥೆಯನ್ನು ನಮ್ಮವ್ವ ಹೇಳುತ್ತಿದ್ದಳು. ತವರುಮನೆಯಲ್ಲಿ ಒಂದು ಹಗೇವು ಇತ್ತು. ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ನೆಲದೊಳಗೆ ತೋಡಿ, ಸುತ್ತ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕಣಜವದು. ಬಾಯಿ ತೆಗೆದ ಕೂಡಲೇ ಇಳಿದರೆ ಉಸಿರುಗಟ್ಟಿ ಸಾಯುತ್ತಾರೆ. ಸಾಕಷ್ಟು ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅಷ್ಟರಲ್ಲಿ ಹಗೇವಿನ ಜೋಳದ ಮುಗ್ಗು ವಾಸನೆ ಓಣಿಯ ತುಂಬ ಹರಡುತ್ತದೆ. ಬರಗಾಲದಲ್ಲಿ ಹಗೇವು ತೆಗೆದದ್ದನ್ನು ಮುಚ್ಚಿಡಲು ಯಾರಿಂದಲೂ ಆಗದು.

ಅಂದು ಬಾಗಿಲಿಗೆ ಇಬ್ಬರು ಬಂದರಂತೆ. ಒಬ್ಬಳು ಎಳೆಗೂಸಿನ ಬಾಣಂತಿ, ಬೇರೆ ಓಣಿಯವಳು. ಇನ್ನೊಬ್ಬಳು ಅಜ್ಜಿಯ ಸ್ವಂತ ನೆಗೆಣ್ಣಿ. ಮನೆಯಲ್ಲಿ 9 ಹೊಟ್ಟೆ, ಮುಂದಿನ ಮಳೆಯ ಖಾತ್ರಿಯಿಲ್ಲ. ಅಜ್ಜಿ ಬಾಣಂತಿಗೆ 4 ಸೇರು ಅಳೆದು ಹಾಕಿ, ನೆಗೆಣ್ಣಿಗೆ "ನಿಮ್ಮ ಮನ್ಯಾಗ ಇನ್ನೂ ಎತ್ತು ಅದಾವು, ಮಾರ್ರಿ" ಎಂದಳು. ಅವರು ಎತ್ತು ಮಾರಿದರು, ಬದುಕಿದರು. ಮುಂದಿನ ವರ್ಷ ಮಳೆ ಬಂದಾಗ ಬಿತ್ತಲು ಎತ್ತಿರಲಿಲ್ಲ. ಸಾಲ ಮಾಡಿದರು, ಹೊಲ ಹೋಯಿತು, ಮುದ್ದೇಬಿಹಾಳದ ಕಡೆ ಬೀಗರ ಊರು ಸೇರಿದರು. ಎಷ್ಟೋ ವರ್ಷದ ಮೇಲೆ ಅಲ್ಲೊಂದು ಮದುವೆಯಲ್ಲಿ ಅಜ್ಜಿ ಬಡಿಸಲು ಬಂದರೆ ಆ ನೆಗೆಣ್ಣಿ ಎಲೆ ಮಡಚಿ ಎದ್ದಳು.

ಅಜ್ಜಿ ಮಾಡಿದ್ದು ಸರಿಯೆಂದೇ ಅವ್ವ ಕೊನೆಯವರೆಗೂ ವಾದಿಸುತ್ತಿದ್ದಳು. ನನ್ನ ಎಣಿಕೆಯೂ ಅದೇ. ಆದರೆ ಆ ಸರಿಗೂ ಬೆಲೆಯಿತ್ತು, ಬೆಲೆ ತೆತ್ತವಳು ಅಜ್ಜಿಯಲ್ಲ, ನೆಗೆಣ್ಣಿ. ಅಜ್ಜಿಗೂ ಇದು ಗೊತ್ತಿತ್ತೆಂದು ಕಾಣುತ್ತದೆ. ಆ ಮದುವೆಯ ಸುದ್ದಿ ಎತ್ತಿದರೆ ಆಕೆ ಏನಾದರೂ ಕೆಲಸದ ನೆಪ ಹೇಳಿ ಒಳಗೆ ಹೋಗುತ್ತಿದ್ದಳಂತೆ.

ರಜೆ ಮುಗಿದ ಮೇಲೆ ಒಂದು ಖಾಲಿ ಪೀರಿಯಡ್ಡಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಆ ಮುದುಕರ ಮನೆಯ ಆಟ ಹೇಳಿ, ನೀವಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಪರೀಕ್ಷೆಯ ಉತ್ತರ ಕೊಡುವವರು ಕದಿಯಬಾರದು ಎಂದರು. ಒಬ್ಬಳು ಔಷಧ ಅಷ್ಟೇ ತಗೋಬೇಕೆಂದಳು. ಹಿಂದಿನ ಬೆಂಚಿನಿಂದ ಒಬ್ಬಳು, "ಟೀಚರ್ರೀ, 'ಅಜ್ಜಾ, ಅರ್ಧಾ ಕೊಡು' ಅಂತ ಕೇಳಾಕ ಬರಂಗಿಲ್ಲೇನ್ರೀ?" ಎಂದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸಂಜೆ ಬೆಂಗಳೂರಿಗೆ ಫೋನು ಮಾಡಿ ವಿಚಾರಿಸಿದರೆ ನಮ್ಮ ಹುಡುಗ, "ಆ ಮನ್ಯಾಗ ಬೇಡೂ ಬಟನ್ ಇಲ್ಲ ಅತ್ತಿ" ಎಂದ. ಆಟ ಮಾಡಿದವರು ಕದಿಯುವುದು, ಬಿಡುವುದು ಎರಡೇ ದಾರಿ ಇಟ್ಟಿದ್ದಾರೆ. ಬೇಡಿ ಉಣ್ಣುವುದನ್ನು ಬಲ್ಲ ಸೀಮೆಯ ಹುಡುಗಿಗೆ ಮೂರನೆಯದು ಮೊದಲು ಹೊಳೆಯಿತು.

ಮತ್ತೊಬ್ಬಳ ಪ್ರಶ್ನೆ ಬೇರೆಯೇ. "ಆ ಮುದುಕರ ಮಕ್ಕಳು ದುಡ್ಯಾಕ ಎಲ್ಲಿ ಹೋಗ್ಯಾರ್ರೀ?"

ಯಾರೂ ನಗಲಿಲ್ಲ. ಇವಳ ತಾಯಿತಂದೆ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ಹಳ್ಳಿಯ ಮನೆಯಲ್ಲಿ ಅಜ್ಜ, ಅಜ್ಜಿ, ಇವಳು, ಇವಳ ತಮ್ಮ. ರಾತ್ರಿ ಬಾಗಿಲು ಯಾರು ಹಾಕುತ್ತೀರಿ ಎಂದು ಕೇಳಿದೆ.

"ನಾನ ಹಾಕ್ತೀನ್ರೀ. ಯಾರರ ಬಂದು ನೀರು ಕೇಳಿದ್ರ ತಗಿ ಅಂತಾಳ್ರೀ ಅಜ್ಜಿ."

"ತಗೀತಿ?"

"ಮದಲ ಕಿಡಿಕ್ಯಾಗ ನೋಡ್ತೀನ್ರೀ" ಎಂದಳು.